ಪೈಪು ಹಾಕಿದ ಫೋಟೊ ಬೇಕಾ?

ನಿಮ್ಮ ಪತ್ರ ಓದಿದೆ. ಅಕ್ಕನ ನಾಲ್ಕು ವರ್ಷದ ಮಗಳಿಗೆ ಹೃದಯದಲ್ಲಿ ರಂಧ್ರವಿದೆ, ಆಪರೇಷನ್‌ಗೆ ಆನ್‌ಲೈನ್‌ನಲ್ಲಿ ಹಣ ಕೂಡಿಸಬೇಕು ಎಂದು ಬರೆದಿದ್ದೀರಿ. ಮೂಗಿಗೆ ಪೈಪು ಹಾಕಿ ಮಲಗಿಸಿದ ಫೋಟೊ ಹಾಕಿದರೆ ಜಾಸ್ತಿ ದುಡ್ಡು ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರಂತೆ. ಹಾಕಬಹುದಾ ಎಂಬುದು ನಿಮ್ಮ ಪ್ರಶ್ನೆ.

ಬೇಡ. ಜಾಸ್ತಿ ಬರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆಪರೇಷನ್ ಮುಗಿದು ಹುಡುಗಿ ಓಡಾಡಿಕೊಂಡಿದ್ದರೂ ಆ ಫೋಟೊ ಇಂಟರ್‌ನೆಟ್ಟಿನಲ್ಲಿ ಉಳಿದೇ ಇರುತ್ತದೆ. ಹೈಸ್ಕೂಲಿನಲ್ಲಿ ಯಾರೋ ಅದನ್ನು ಹುಡುಕಿ ತೆಗೆದು ತೋರಿಸಿದರೆ? ಅವಳನ್ನು ಯಾರೂ ಕೇಳಿರಲಿಲ್ಲ, ಅಲ್ವಾ? ಇಂಥ ಫೋಟೊ ಕದ್ದು, ತಮ್ಮ ಖಾತೆ ಸಂಖ್ಯೆ ಸೇರಿಸಿ ಹಣ ಎತ್ತುವವರೂ ಇದ್ದಾರೆ. ಅವಳು ಆಡುತ್ತಿರುವ ಒಂದು ಫೋಟೊ ಸಾಕು. ಶಾಲೆ, ಮನೆ ವಿಳಾಸ ಬೇಡವೇ ಬೇಡ.

ಫೋಟೊಗಿಂತ ಹೆಚ್ಚು ಕೆಲಸ ಮಾಡುವುದು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿರುವ ಎಸ್ಟಿಮೇಟ್. ಐಸಿಯು, ರಕ್ತ, ಔಷಧಿ, ಆಮೇಲಿನ ಚೆಕಪ್ ಅದರಲ್ಲಿ ಸೇರಿವೆಯಾ ನೋಡಿ. ಡಾಕ್ಟರನ್ನು ಇನ್ನೊಂದು ಮಾತು ಕೇಳಿ: ಎಷ್ಟು ದಿನ ಕಾಯಬಹುದು? ಸಣ್ಣ ರಂಧ್ರ ಎಷ್ಟೋ ಮಕ್ಕಳಲ್ಲಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಕೆಲವನ್ನು ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ಕಳಿಸಿ ಮುಚ್ಚುತ್ತಾರೆ. ಆಗ ಖರ್ಚಿನ ಲೆಕ್ಕವೇ ಬೇರೆ. ಕಾಯಲು ಸಮಯವಿದ್ದರೆ ಸುಮ್ನೆ ‘ನಾಳೆಯೊಳಗೆ’ ಎಂದು ಬರೆಯಬೇಡಿ.

ಸಾಧ್ಯವಾದರೆ ಹಣ ನೇರವಾಗಿ ಆಸ್ಪತ್ರೆಯ ಖಾತೆಗೇ ಹೋಗಲಿ. ಮಿಕ್ಕಿದರೆ ಯಾವ ಮಗುವಿಗೆ, ಹೇಗೆ ಕೊಡುತ್ತೀರಿ ಎಂದು ಈಗಲೇ ಬರೆದುಬಿಡಿ. ಹಣ ಕೂಡಿಸುವ ಕೆಲವು ಆನ್‌ಲೈನ್ ವೇದಿಕೆಗಳಲ್ಲಿ ದಾನಿಯ ಮುಂದೆ ‘ಟಿಪ್’ ಮೊತ್ತ ಮೊದಲೇ ತುಂಬಿರುತ್ತದೆ. ಅದು ವೇದಿಕೆಗೆ ಹೋಗುವ ದುಡ್ಡು, ಮಗುವಿಗಲ್ಲ. ಸೊನ್ನೆ ಮಾಡಬಹುದು ಎಂದು ತಿಳಿಸಿ.

ಇನ್ನು, ನಿರೀಕ್ಷೆ ಸ್ವಲ್ಪ ಕಡಿಮೆ ಇರಲಿ. 2016ರಿಂದ 2020ರವರೆಗೆ ಅಮೆರಿಕದ ಗೋಫಂಡ್‌ಮಿ ಎಂಬ ಇಂಥದೇ ವೇದಿಕೆಯಲ್ಲಿ ಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ವೈದ್ಯಕೀಯ ಮನವಿಗಳನ್ನು ಸಂಶೋಧಕರು ಪರಿಶೀಲಿಸಿದರು. ಗುರಿ ಮುಟ್ಟಿದ್ದು ಶೇ 12ರಷ್ಟು ಮಾತ್ರ. ಶೇ 16ರಷ್ಟು ಮನವಿಗಳಿಗೆ ಏನೂ ಬರಲಿಲ್ಲ. ಹಾಗಾಗಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೂ ಈಗಲೇ ಭೇಟಿಯಾಗಿ, ರಿಯಾಯಿತಿಯನ್ನೋ ಸಂಘಸಂಸ್ಥೆಗಳ ನೆರವನ್ನೋ ಕೇಳಿ. ಲಿಂಕ್ ಹರಿಬಿಡುವ ಮೊದಲು ಹತ್ತಿರದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. ಸೊನ್ನೆ ತೋರಿಸುವ ಪುಟಕ್ಕೆ ಗುರುತಿಲ್ಲದವರು ಮೊದಲ ದುಡ್ಡು ಹಾಕುವುದು ಅಪರೂಪ. ಪರಿಚಯದವರು ಹಾಕಿದ ಮೇಲೆ ಲಿಂಕ್ ಕಳಿಸಿ.