ಕ್ವಾಯರ್ ಹಾಡುತ್ತದೆ, ಜನ ಸುಮ್ಮನೆ ನಿಲ್ಲುತ್ತಾರೆ: ಏನು ಮಾಡುವುದು?

ಚಿಕ್ಕಮಗಳೂರು ಕಡೆಯ ಸಣ್ಣ ಕಥೋಲಿಕ ಚರ್ಚಿನಲ್ಲಿ ಫಾದರ್ ನಿಮಗೆ ಕ್ವಾಯರ್, ಅಂದರೆ ಪೂಜೆಯಲ್ಲಿ ಹಾಡುವ ತಂಡ, ವಹಿಸಿದ್ದಾರೆ. ಹತ್ತು ಜನ ಹಾಡುತ್ತೀರಿ, ಬೆಂಚಿನಲ್ಲಿರುವವರು ಬಾಯಿ ಬಿಡುವುದಿಲ್ಲ. ನೊಟೇಶನ್ ಬರುವುದಿಲ್ಲ, ಕನ್ನಡವೋ ಕೊಂಕಣಿಯೋ ಅನ್ನುವ ಎಳೆದಾಟ ಬೇರೆ. ಇಷ್ಟು ತಾನೇ ನೀವು ಕೇಳಿದ್ದು? ನಾನು ಸಕಲೇಶಪುರದ ಕಡೆಯವನು. ಬಹಳ ವರ್ಷಗಳಿಂದ ಕ್ವಾಯರ್‌ನಲ್ಲಿ ಇದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಶ್ರುತಿ ನೋಡಿ. ಜನ ಹಾಡದಿರುವುದಕ್ಕೆ ಭಕ್ತಿ ಕಡಿಮೆ ಅಂತ ಬೈಯುವವರು ಜಾಸ್ತಿ, ಆದರೆ ಎಷ್ಟೋ ಸಲ ತೊಂದರೆ ಇರುವುದು ಕೀಬೋರ್ಡಿನಲ್ಲಿ. ಹಾಡನ್ನು ಯೂಟ್ಯೂಬ್‌ನಿಂದ ಕಲಿಯುತ್ತೇವೆ. ಅದನ್ನು ಸ್ಟುಡಿಯೋದಲ್ಲಿ ಪಳಗಿದ ಗಾಯಕರು ಹಾಡಿರುತ್ತಾರೆ. ನಾವೂ ಅದೇ ಶ್ರುತಿಗೆ ಹಿಡಿದರೆ ಚರಣ ಮೇಲಕ್ಕೆ ಹೋಗುವಾಗ ಹಿಂದಿನ ಬೆಂಚಿನ ಅಜ್ಜಿ ಸುಮ್ಮನಾಗುತ್ತಾರೆ, ಗಂಡಸರು ಅದಕ್ಕೂ ಮುಂಚೆಯೇ. ಸಾಮಾನ್ಯ ಗಂಟಲು ಆರಾಮಾಗಿ ಓಡಾಡುವುದು ಕೀಬೋರ್ಡಿನ ಒಂದು ‘ಸಿ’ ಸ್ವರದಿಂದ ಅದರ ಮೇಲಿನ ‘ಸಿ’ವರೆಗೆ. ತುಂಬಾ ಅಂದರೆ ‘ಡಿ’. ಹಾಡಿನ ಅತಿ ಮೇಲಿನ ಸ್ವರ ಯಾವುದು ಅಂತ ಕೀಬೋರ್ಡ್ ನುಡಿಸುವವರನ್ನೇ ಕೇಳಿ. ಅದು ‘ಡಿ’ ದಾಟುತ್ತಿದ್ದರೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಇಳಿಸಿ. ಡಿಸೆಂಬರ್ ಚಳಿಯಲ್ಲಿ, ಬೆಳಗಿನ ಮೊದಲ ಪೂಜೆಗೆ ಇನ್ನೂ ಅರ್ಧ ಸ್ವರ ಇಳಿಸಿದರೂ ತಪ್ಪಿಲ್ಲ. ಮೇಲಿನ ದನಿಯಲ್ಲಿ ಹಾಡುವ ನಿಮ್ಮ ಸೊಪ್ರಾನೊ ಹುಡುಗಿಯರಿಗೆ ಬೇಜಾರಾಗಬಹುದು. ಆಗಲಿ ಬಿಡಿ.

ಎರಡನೆಯದು, ಏನನ್ನು ಹಾಡಬೇಕು ಅನ್ನುವುದು. ನನ್ನ ಮಟ್ಟಿಗೆ ಇದೇ ಮುಖ್ಯ. ನಮ್ಮಲ್ಲಿ ಬಹುತೇಕ ಕ್ವಾಯರ್‌ಗಳು ತಲೆ ಕೆಡಿಸಿಕೊಳ್ಳುವುದು ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದ (ಕಮ್ಯುನಿಯನ್) ಗೀತೆಗಳ ಬಗ್ಗೆ. ಅಭ್ಯಾಸದ ಸಮಯವೆಲ್ಲ ಅಲ್ಲೇ ಮುಗಿಯುತ್ತದೆ. ಆದರೆ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಹೇಳುವ ಕ್ರಮ ಇದಕ್ಕೆ ಉಲ್ಟಾ. 1967ರ ಮಾರ್ಚ್‌ನಲ್ಲಿ ರೋಮ್‌ನಿಂದ ‘ಮ್ಯೂಸಿಕಾಂ ಸಾಕ್ರಂ’ ಎಂಬ ಸೂಚನೆ ಬಂತು. ಹಾಡಿನೊಂದಿಗೆ ನಡೆಯುವ ಬಲಿಪೂಜೆಯನ್ನು (ಮಾಸ್) ಅದು ಮೂರು ಹಂತ ಮಾಡುತ್ತದೆ. ಮೊದಲ ಹಂತದಲ್ಲಿ ಗುರುಗಳು ಮತ್ತು ಜನರ ನಡುವಿನ ಮಾತು-ಮರುಮಾತು, ‘ಪವಿತ್ರ, ಪವಿತ್ರ’ ಹಾಡು, ಪ್ರಭು ಕಲಿಸಿದ ಪ್ರಾರ್ಥನೆ ಇವೆಲ್ಲ ಇವೆ. ಎರಡನೆಯದರಲ್ಲಿ ಕರುಣೆ ಕೇಳುವ ಹಾಡು, ಮಹಿಮೆಯ ಹಾಡು, ದೇವರ ಕುರಿಮರಿಯ ಹಾಡು. ನಾವು ಇಷ್ಟೊಂದು ಒದ್ದಾಡುವ ಪ್ರವೇಶ, ಕಾಣಿಕೆ, ಪರಮಪ್ರಸಾದ ಗೀತೆಗಳು ಮೂರನೇ ಹಂತದಲ್ಲಿ! ಮೊದಲನೆಯದನ್ನು ಬಿಟ್ಟು ಎರಡು, ಮೂರನ್ನು ಮಾತ್ರ ಹಾಡಬಾರದು ಅಂತಲೂ ಅಲ್ಲಿ ಬರೆದಿದೆ. ಎಷ್ಟು ಚರ್ಚ್‌ಗಳಲ್ಲಿ ಇದು ಪಾಲನೆ ಆಗುತ್ತಿದೆ, ನೀವೇ ಹೇಳಿ.

ಇದರಲ್ಲಿ ಬುದ್ಧಿವಂತಿಕೆ ಇದೆ. ಪ್ರವೇಶ ಗೀತೆ ವಾರ ವಾರ ಬದಲಾಗುತ್ತದೆ. ‘ಪವಿತ್ರ, ಪವಿತ್ರ’ ಬದಲಾಗುವುದಿಲ್ಲ. ಒಂದೇ ರಾಗವನ್ನು ಆರು ತಿಂಗಳು ಬಿಡದೆ ಹಾಡಿ. ಮಕ್ಕಳಿಗೂ ಬಾಯಿಪಾಠ ಆಗುತ್ತದೆ, ಪುಸ್ತಕ ಬೇಡ, ಪ್ರೊಜೆಕ್ಟರ್ ಬೇಡ. ಕ್ವಾಯರ್‌ನವರಿಗೆ ಬೋರ್ ಹೊಡೆಯುವ ಹೊತ್ತಿಗೆ ಜನ ಕಲಿಯಲು ಶುರು ಮಾಡಿರುತ್ತಾರೆ. ಅದೇ ಸಮಯಕ್ಕೆ ನಾವು ರಾಗ ಬದಲಾಯಿಸಿಬಿಡುತ್ತೇವೆ, ಅದೇ ದೊಡ್ಡ ಎಡವಟ್ಟು.

ಆಮೇಲೆ ಕೀರ್ತನೆ, ಅಂದರೆ ವಾಚನದ ನಂತರ ಬರುವ ಬೈಬಲಿನ ಕೀರ್ತನೆ. ಒಬ್ಬರು ಮುಂದೆ ನಿಂತು ಶ್ಲೋಕ ಹಾಡಿದರೆ ಜನ ಒಂದೇ ಸಾಲು ಮರುಹಾಡಬೇಕು. ಭಜನೆ ಕೇಳಿ ಬೆಳೆದ ನಮ್ಮ ಊರಿನವರಿಗೆ ಇದು ಹೊಸತೇನಲ್ಲ. ಆ ಸಾಲು ಚಿಕ್ಕದಾಗಿರಲಿ, ರಾಗ ಸರಳವಾಗಿರಲಿ. ಪೂಜೆಗೆ ಐದು ನಿಮಿಷ ಮುಂಚೆ ಫಾದರ್ ಅನುಮತಿ ಪಡೆದು ಎರಡು ಸಲ ಹೇಳಿಕೊಡಿ. ಜನರ ಸಾಲು ಬಂದಾಗ ನೀವು ಮೈಕಿನಿಂದ ಸ್ವಲ್ಪ ಹಿಂದೆ ಸರಿಯಿರಿ. ಸ್ಪೀಕರ್ ಕಿವಿಗೆ ಬಡಿಯುತ್ತಿದ್ದರೆ ಯಾರಿಗೂ ತಮ್ಮ ದನಿ ತಮಗೇ ಕೇಳಿಸುವುದಿಲ್ಲ. ಕೇಳಿಸದ ದನಿಯಲ್ಲಿ ಯಾರು ಹಾಡುತ್ತಾರೆ?

ನಾಲ್ಕು ದನಿಯ ಹಾಡುಗಾರಿಕೆ ಬೇಡ ಅಂತಲ್ಲ. ಕ್ರಿಸ್ಮಸ್, ಪಾಸ್ಖಕ್ಕೆ (ಈಸ್ಟರ್) ಆಲ್ಟೊ, ಟೆನರ್, ಬೇಸ್ ಎಂಬ ಕೆಳಗಿನ ದನಿಗಳನ್ನೂ ಕಲಿಸಿ, ಚೆನ್ನಾಗಿ ಹಾಡಿ. ಕ್ವಾಯರ್‌ಗಳನ್ನು ಬೆಳೆಸಬೇಕು ಅಂತ ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯೇ 1963ರಲ್ಲಿ ಹೇಳಿದೆ. ಅದೇ ಉಸಿರಿನಲ್ಲಿ, ಹಾಡಿರುವ ಪ್ರತಿ ಪೂಜೆಯಲ್ಲೂ ಜನ ತಮ್ಮ ಪಾಲು ಹಾಡುವಂತಿರಬೇಕು ಅಂತಲೂ ಹೇಳಿದೆ. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ (ಬಿಷಪರ ಆಡಳಿತದ ಪ್ರದೇಶ) ಹುಟ್ಟಿದ್ದೂ 1963ರಲ್ಲೇ. ಮಹಾಸಭೆ ಲ್ಯಾಟಿನ್ ಜೊತೆಗೆ ಆಡುಮಾತಿನ ಪೂಜೆಗೂ ದಾರಿ ತೆರೆದ ವರ್ಷದಲ್ಲೇ ಹುಟ್ಟಿದ ಧರ್ಮಕ್ಷೇತ್ರದಲ್ಲಿ ಜನ ಬಾಯಿ ಮುಚ್ಚಿ ನಿಲ್ಲುವುದು ನನಗಂತೂ ಸರಿ ಕಾಣುವುದಿಲ್ಲ.

ಕನ್ನಡ-ಕೊಂಕಣಿ ವಿಷಯ. ಮಂಗಳೂರು ಕಡೆಯಿಂದ ಬಂದ ಮನೆಗಳಿಗೆ ಕೊಂಕಣಿ ಹಾಡು ಅಂದರೆ ಜೀವ. ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ತಮಿಳು ಮಾತಾಡುವವರೂ ಇರುತ್ತಾರೆ, ಅವರನ್ನು ಎಲ್ಲರೂ ಮರೆಯುತ್ತಾರೆ. ಜನರ ಪಾಲಿನ ಭಾಗಗಳನ್ನು ಪೂಜೆ ಯಾವ ಭಾಷೆಯಲ್ಲಿದೆಯೋ ಅದರಲ್ಲೇ ಇಡಿ. ಪರಮಪ್ರಸಾದದ ಹೊತ್ತಿಗೆ ಎರಡು ಹಾಡಿಗೆ ಸಮಯ ಸಿಗುತ್ತದೆ, ಅಲ್ಲಿ ಇನ್ನೊಂದು ಭಾಷೆಗೆ ಜಾಗ ಕೊಡಿ. ಪೂರ್ತಿ ಜಗಳ ನಿಲ್ಲುವುದಿಲ್ಲ, ಕಡಿಮೆ ಆಗುತ್ತದೆ.

ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದಲ್ಲಿ (ಲೆಂಟ್) ಒಂದು ಒಳ್ಳೆ ಅವಕಾಶ ಇದೆ. ಆಗ ವಾದ್ಯಗಳನ್ನು ಹಾಡಿಗೆ ಆಸರೆಯಾಗಿ ಮಾತ್ರ ನುಡಿಸಬಹುದು. ಅಲ್ಲೆಲೂಯ ಇಲ್ಲ, ಭಾನುವಾರಗಳಲ್ಲಿ ಮಹಿಮೆಯ ಹಾಡೂ ಇಲ್ಲ. ನಾಲ್ಕನೇ ಭಾನುವಾರ ಮತ್ತು ಆ ನಡುವೆ ಬರುವ ದೊಡ್ಡ ಹಬ್ಬಗಳಿಗೆ ವಾದ್ಯದ ವಿಷಯದಲ್ಲಿ ವಿನಾಯಿತಿ ಇದೆ. ಒಂದೆರಡು ಹಾಡಿಗೆ ಕೀಬೋರ್ಡನ್ನು ಪೂರ್ತಿ ಮುಚ್ಚಿ, ಬರಿ ಗಂಟಲಲ್ಲಿ ಹಾಡಿಸಿ ನೋಡಿ. ರಿದಮ್ ಪೆಟ್ಟಿಗೆಯ ಗದ್ದಲ ಇಲ್ಲದಿದ್ದರೆ ಜನ ತಾವಾಗಿಯೇ ಸೇರಿಕೊಳ್ಳುತ್ತಾರೆ. ಮಲೆನಾಡಿನಲ್ಲಿ ಜುಲೈ ಮಳೆಗೆ ಕರೆಂಟ್ ಹೋದಾಗಲೂ ಇದು ಕೈ ಹಿಡಿಯುತ್ತದೆ.

ಅಭ್ಯಾಸದ ದಿನ ಗೊತ್ತು ಮಾಡುವಾಗ ಕಾಫಿ ಕುಯ್ಲು ನೆನಪಿರಲಿ. ಕ್ರಿಸ್ಮಸ್ ಹಾಡು ಕಲಿಯುವ ಹೊತ್ತಿಗೇ ಅರೇಬಿಕಾ ಕುಯ್ಲು. ದಿನವಿಡೀ ತೋಟದಲ್ಲಿದ್ದವರು ಸಂಜೆ ಏಳಕ್ಕೆ ಬರಲಿಲ್ಲ ಅಂತ ಮುಖ ಗಂಟು ಹಾಕಬೇಡಿ. ಅಕ್ಟೋಬರ್‌ನಲ್ಲೇ ಶುರು ಮಾಡಿ.

ಮದುವೆ ಪೂಜೆಗೆ ಸಿನಿಮಾ ಹಾಡು ಬೇಕು ಅಂತ ಯಾರಾದರೂ ಬಂದೇ ಬರುತ್ತಾರೆ. ನೀವು ಉತ್ತರ ಕೊಡಲು ಹೋಗಬೇಡಿ, ಫಾದರ್ ಹತ್ತಿರ ಕಳಿಸಿ. ರಿಸೆಪ್ಶನ್ ಹಾಲ್ ಇದ್ದೇ ಇದೆಯಲ್ಲ.

ನೊಟೇಶನ್ ಬರದಿದ್ದರೆ ಸದ್ಯಕ್ಕೆ ಏನೂ ಮುಳುಗುವುದಿಲ್ಲ. ಶ್ರುತಿ ಹಿಡಿಯಲು ಬಂದರೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಕೈಯಲ್ಲಿ ತೋರಿಸಲು ಬಂದರೆ ಸಾಕು. ಸರಿಗಮ ಗೊತ್ತಿದ್ದರೆ ಅದರಲ್ಲೇ ಬರೆದಿಟ್ಟುಕೊಳ್ಳಿ. ನಾಲ್ಕು ದನಿ ಕಲಿಸುವ ಆಸೆ ಬಂದಾಗ ಐದು ಗೆರೆಯ ಸ್ಟಾಫ್ ನೊಟೇಶನ್ ಕಲಿಯಬಹುದು.