ಬೇಸಿಗೆ ರಜೆಯಲ್ಲಿ ಸಂಶೋಧನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರೌಢಶಾಲೆಯ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಸಂಶೋಧನೆಯಲ್ಲಿ ತೊಡಗುವ ಅವಕಾಶಗಳ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಉತ್ತರಕ್ಕಾಗಿ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ನಾನು ಹತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ವಿಜ್ಞಾನ ಶಿಬಿರ, ಇಂಟರ್ನ್‌ಶಿಪ್, ಸಂಶೋಧನಾ ಕಾರ್ಯಕ್ರಮ ಎಂದು ಬೇರೆ ಬೇರೆ ಹೆಸರಿನ ಪ್ರಕಟಣೆಗಳನ್ನು ನೋಡುತ್ತಿರುತ್ತೇನೆ. ಇವುಗಳಲ್ಲಿ ನಿಜವಾದ ಸಂಶೋಧನೆ ನಡೆಯುವುದು ಎಲ್ಲಿ ಎಂದು ತಿಳಿಯುವುದು ಹೇಗೆ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಹೆಸರನ್ನು ಬದಿಗಿಟ್ಟು, ಅಲ್ಲಿ ವಿದ್ಯಾರ್ಥಿಯ ದಿನ ಹೇಗೆ ಕಳೆಯುತ್ತದೆ ಎಂದು ವಿಚಾರಿಸಿ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಪ್ರಯೋಗಾಲಯದ ವೀಕ್ಷಣೆ, ಸಂಜೆ ರಸಪ್ರಶ್ನೆ ಎಂದಿದ್ದರೆ ಅದು ಶಿಬಿರ. ಉತ್ತರ ಯಾರಿಗೂ ಮೊದಲೇ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ನಿಮಗೆ ಒಪ್ಪಿಸಿ, ವಾರಗಟ್ಟಲೆ ಅದರ ಬೆನ್ನು ಹತ್ತಲು ಬಿಟ್ಟು, ನಡುನಡುವೆ ಅನುಭವಿಯೊಬ್ಬರು ನಿಮ್ಮ ದಾಖಲೆ ಪುಸ್ತಕವನ್ನು ತಿರುವಿ ನೋಡಿ ಎಲ್ಲಿ ಎಡವಿದ್ದೀರಿ ಎಂದು ತೋರಿಸುವಂತಿದ್ದರೆ ಅದು ಸಂಶೋಧನೆ. ಶಿಬಿರವೆಂದರೆ ಕೀಳೆಂದು ತಿಳಿಯಬಾರದು. ಇಸ್ರೊ 2019ರಲ್ಲಿ ಆರಂಭಿಸಿದ ‘ಯುವಿಕಾ’ ಒಂಬತ್ತನೇ ತರಗತಿಯವರಿಗೆ ಬಾಹ್ಯಾಕಾಶ ವಿಜ್ಞಾನವನ್ನು ಪರಿಚಯಿಸುವ ಶಿಬಿರ. ಮುಂದೆ ಯಾವ ದಾರಿ ಹಿಡಿಯಬೇಕೆಂದು ಇನ್ನೂ ನಿಶ್ಚಯಿಸದ ವಿದ್ಯಾರ್ಥಿಗೆ ಅಂಥ ಪರಿಚಯವೇ ಮೊದಲು ಬೇಕಾದದ್ದು.

ಸಂಶೋಧನಾ ಕಾರ್ಯಕ್ರಮವೊಂದರ ಒಳಗಿನ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ 1959ರಲ್ಲಿ ಆರಂಭವಾದ ‘ಸಮ್ಮರ್ ಸೈನ್ಸ್ ಪ್ರೋಗ್ರಾಮ್’ನ ಖಗೋಳ ವಿಭಾಗ ಒಳ್ಳೆಯ ಉದಾಹರಣೆ. ಅಲ್ಲಿನ ಪುಟ್ಟ ತಂಡಗಳು ಭೂಮಿಯ ಸಮೀಪ ಹಾದುಹೋಗುವ ಕ್ಷುದ್ರಗ್ರಹವೊಂದರ ಚಿತ್ರಗಳನ್ನು ರಾತ್ರಿ ದೂರದರ್ಶಕದಿಂದ ತೆಗೆದು, ಹಿನ್ನೆಲೆಯ ನಕ್ಷತ್ರಗಳ ನಡುವೆ ಅದರ ಸ್ಥಾನವನ್ನು ಅಳೆದು, ಕಕ್ಷೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮನ್ನು ತಾವೇ ಬರೆಯುತ್ತವೆ. ಕಕ್ಷೆಯನ್ನು ಪೂರ್ಣವಾಗಿ ವಿವರಿಸಲು ಆರು ಸಂಖ್ಯೆಗಳು ಬೇಕು. ಒಂದು ವೀಕ್ಷಣೆಯಿಂದ ಆಕಾಶದಲ್ಲಿನ ಸ್ಥಾನವನ್ನು ಹೇಳುವ ಎರಡು ಕೋನಗಳು ದೊರೆಯುವುದರಿಂದ ಮೂರು ರಾತ್ರಿಗಳ ಒಳ್ಳೆಯ ವೀಕ್ಷಣೆ ತಾತ್ವಿಕವಾಗಿ ಸಾಕು. 1801ರ ಜನವರಿ 1ರಂದು ಖಗೋಳವಿಜ್ಞಾನಿ ಪಿಯಾಜಿ ಕಂಡುಹಿಡಿದ ಸೆರೆಸ್ ಎಂಬ ಕ್ಷುದ್ರಗ್ರಹ ಕೆಲವೇ ವಾರಗಳಲ್ಲಿ ಸೂರ್ಯನ ಪ್ರಭೆಯಲ್ಲಿ ಮರೆಯಾದಾಗ, 24 ವರ್ಷದ ಗಣಿತಜ್ಞ ಗೌಸ್ ಇದೇ ಬಗೆಯ ಲೆಕ್ಕದಿಂದ ಅದು ಮತ್ತೆ ಎಲ್ಲಿ ಕಾಣಿಸಬಹುದೆಂದು ಹೇಳಿದನು. ಆ ವರ್ಷದ ಕೊನೆಯಲ್ಲಿ ಅದು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕಿತು. ಎರಡು ಶತಮಾನ ಹಳೆಯ ವಿಧಾನವಾದರೂ ವಿದ್ಯಾರ್ಥಿಯ ಮುಂದಿರುವ ಅಳತೆ ಹೊಸದು. ಒಂದು ರಾತ್ರಿ ಮೋಡ ಕವಿಯುತ್ತದೆ, ಪ್ರೋಗ್ರಾಮಿನಲ್ಲಿ ಒಂದು ಋಣಚಿಹ್ನೆ ತಪ್ಪಿರುತ್ತದೆ, ಕಕ್ಷೆ ಅಸಂಬದ್ಧವಾಗಿ ಬರುತ್ತದೆ. ಪಠ್ಯಪುಸ್ತಕದ ಕೊನೆಯಲ್ಲಿ ಉತ್ತರ ನೋಡುವ ಅನುಕೂಲವಿಲ್ಲದೆ ಆ ತಪ್ಪನ್ನು ಹುಡುಕಿ ತೆಗೆಯುವುದರಲ್ಲಿಯೇ ಕಲಿಕೆಯ ಬಹುಭಾಗವಿದೆ. ಕೊನೆಗೆ ಅಳತೆಗಳು ಜಗತ್ತಿನ ಕ್ಷುದ್ರಗ್ರಹ ವೀಕ್ಷಣೆಗಳನ್ನೆಲ್ಲ ಸಂಗ್ರಹಿಸುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತವೆ.

1984ರಲ್ಲಿ ಆರಂಭವಾಗಿ ಈಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ‘ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್’ ಆರು ವಾರಗಳದ್ದು: ಮೊದಲ ವಾರ ತರಗತಿಗಳು, ಉಳಿದ ಐದು ವಾರ ಮಾರ್ಗದರ್ಶಕರೊಡನೆ ಕೆಲಸ, ಕೊನೆಗೆ ಲಿಖಿತ ಪ್ರಬಂಧ ಮತ್ತು ಮಂಡನೆ. ಗಣಿತದಲ್ಲಿ ಶಿಬಿರ ಮತ್ತು ಸಂಶೋಧನೆಗಳ ನಡುವಿನ ಗೆರೆ ಇಷ್ಟು ಸ್ಪಷ್ಟವಿಲ್ಲ. 1957ರಲ್ಲಿ ಆರಂಭವಾದ ರಾಸ್ ಕಾರ್ಯಕ್ರಮದಲ್ಲಿಯೂ 1989ರಿಂದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿರುವ ‘ಪ್ರಾಮಿಸ್’ನಲ್ಲಿಯೂ ಸಂಖ್ಯಾಸಿದ್ಧಾಂತದ ಪ್ರಮೇಯಗಳು ಹೊಸವಲ್ಲ, ಆದರೆ ಅವುಗಳನ್ನು ವಿದ್ಯಾರ್ಥಿಯೇ ಉದಾಹರಣೆಗಳಿಂದ ಊಹಿಸಿ ಸಾಧಿಸಬೇಕು. ಅಪ್ಪಟ ಸಂಶೋಧನೆಯಲ್ಲವಾದರೂ ಅದಕ್ಕೆ ಇದಕ್ಕಿಂತ ಒಳ್ಳೆಯ ತಯಾರಿಯನ್ನು ನಾನು ಕಂಡಿಲ್ಲ.

ಪ್ರಶ್ನೆ: ಎಂಟು ವಾರಗಳಲ್ಲಿ ಮಗನ ಹೆಸರಿನಲ್ಲಿ ಸಂಶೋಧನಾ ಪ್ರಬಂಧ ಪ್ರಕಟವಾಗುವಂತೆ ಮಾಡುತ್ತೇವೆ ಎಂದು ಸಂಸ್ಥೆಯೊಂದು ದೊಡ್ಡ ಶುಲ್ಕ ಕೇಳುತ್ತಿದೆ. ವಿಶ್ವವಿದ್ಯಾಲಯ ಪ್ರವೇಶಕ್ಕೆ ಇದು ನೆರವಾಗುತ್ತದೆಯಂತೆ. ಸೇರಿಸಬಹುದೇ?
– ಒಬ್ಬ ತಾಯಿ

ಉತ್ತರ: ಪ್ರಕಟಣೆಯ ಭರವಸೆಯನ್ನು ನಂಬಿ ಸೇರಿಸಬೇಡಿ. ಪರಿಣತರ ಪರಿಶೀಲನೆಗೆ ಒಳಪಡುವ ನಿಯತಕಾಲಿಕದಲ್ಲಿ ಪ್ರಬಂಧವನ್ನು ಕಳುಹಿಸಿದ ಮೇಲೆ ಅಭಿಪ್ರಾಯ ಬರಲು, ತಿದ್ದಲು, ಮತ್ತೆ ಪರಿಶೀಲಿಸಲು ತಿಂಗಳುಗಳೇ ಬೇಕಾಗುತ್ತವೆ ಮತ್ತು ತಿರಸ್ಕಾರದ ಸಾಧ್ಯತೆ ಯಾವಾಗಲೂ ಇರುತ್ತದೆ. ಕೆಲಸ ಆರಂಭವಾಗುವ ಮೊದಲೇ ಅದರ ಪ್ರಕಟಣೆಯನ್ನು ಖಾತರಿಪಡಿಸಬಲ್ಲವರು, ಪರಿಶೀಲನೆಯೇ ಇಲ್ಲದ ಅಥವಾ ಹೆಸರಿಗಷ್ಟೇ ಇರುವ ಕಡೆ ಅದನ್ನು ಪ್ರಕಟಿಸುವವರೇ ಆಗಿರಬೇಕು. ಈ ಬಗೆಯ ದುಬಾರಿ ಸೇವೆಗಳ ಕುರಿತು ಅಮೆರಿಕದ ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2023ರಲ್ಲಿ ವಿಸ್ತಾರವಾದ ತನಿಖಾ ವರದಿಯನ್ನು ಪ್ರಕಟಿಸಿತ್ತು.

ಶುಲ್ಕ ತೆಗೆದುಕೊಳ್ಳುವ ಎಲ್ಲವೂ ಮೋಸವಲ್ಲ. ವಸತಿ, ಊಟ, ಮಾರ್ಗದರ್ಶಕರ ಸಮಯ ಇವಕ್ಕೆಲ್ಲ ಖರ್ಚಿದೆ. ಶುಲ್ಕವಿದ್ದೂ ಅಗತ್ಯವಿರುವವರಿಗೆ ಆರ್ಥಿಕ ನೆರವು ನೀಡುವ ಒಳ್ಳೆಯ ಕಾರ್ಯಕ್ರಮಗಳಿವೆ. ಆದರೂ ಮೇಲೆ ಹೇಳಿದ ಎಂಐಟಿಯ ಕಾರ್ಯಕ್ರಮದಂತೆ, ಆಯ್ಕೆ ಕಠಿಣವಾಗಿರುವ ಹಲವು ಕಡೆ ಬೋಧನಾ ಶುಲ್ಕವೇ ಇಲ್ಲ ಎಂಬುದನ್ನು ಗಮನಿಸಿ. ಹಣ ಕಟ್ಟುವ ಮೊದಲು ಸಂಸ್ಥೆಯವರನ್ನು ನೇರವಾಗಿ ಕೇಳಿ: ನನ್ನ ಮಗನಿಗೆ ಮಾರ್ಗದರ್ಶನ ಮಾಡುವವರು ಯಾರು, ಅವರು ವಾರಕ್ಕೆ ಎಷ್ಟು ಹೊತ್ತು ಅವನೊಡನೆ ಕುಳಿತುಕೊಳ್ಳುತ್ತಾರೆ, ಪ್ರಶ್ನೆಯನ್ನು ಆರಿಸುವವರು ಯಾರು, ಫಲಿತಾಂಶ ಬಾರದಿದ್ದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ವಿಶೇಷವಾಗಿ ಗಮನವಿಟ್ಟು ಕೇಳಿ. ‘ಹಾಗೆ ಆಗುವುದೇ ಇಲ್ಲ’ ಎಂದರೆ ಅಲ್ಲಿ ಸಂಶೋಧನೆ ನಡೆಯುತ್ತಿಲ್ಲ.

ಬೇಗನೆ ಸಿಕ್ಕ ಯಶಸ್ಸಿನ ಸುದ್ದಿಗಳೂ ಪೋಷಕರ ನಿರೀಕ್ಷೆಯನ್ನು ಹೆಚ್ಚಿಸುತ್ತವೆ. 2019ರ ಬೇಸಿಗೆಯಲ್ಲಿ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಇಂಟರ್ನ್ ಆಗಿ ಬಂದ ಪ್ರೌಢಶಾಲಾ ವಿದ್ಯಾರ್ಥಿ ವುಲ್ಫ್ ಕುಕಿಯರ್ ಮೂರನೆಯ ದಿನವೇ, ಎರಡು ನಕ್ಷತ್ರಗಳನ್ನು ಸುತ್ತುವ ಟಿಒಐ 1338 ಬಿ ಎಂಬ ಗ್ರಹದ ಸುಳಿವನ್ನು ಗುರುತಿಸಿದನು ಎಂಬುದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಸುದ್ದಿಯಲ್ಲಿ ಹಿಂದೆ ಸರಿದ ಸಂಗತಿಗಳೂ ಅಷ್ಟೇ ಮುಖ್ಯ. ಒಂದು ನಕ್ಷತ್ರ ಇನ್ನೊಂದನ್ನು ಮರೆಮಾಡುವ ಜೋಡಿಗಳನ್ನು, ಗ್ರಹಗಳನ್ನು ಹುಡುಕುವ ಟೆಸ್ ಉಪಗ್ರಹದ ದತ್ತಾಂಶದಲ್ಲಿ ಸಾಮಾನ್ಯ ಸ್ವಯಂಸೇವಕರು ಮೊದಲೇ ಗುರುತು ಮಾಡಿಟ್ಟಿದ್ದರು, ಅವುಗಳನ್ನು ಆತ ಪರಿಶೀಲಿಸುತ್ತಿದ್ದನು. ಗ್ರಹವೊಂದು ಮುಂದೆ ಹಾದುಹೋದಾಗ ನಕ್ಷತ್ರದ ಬೆಳಕು ತುಸು ಕುಗ್ಗುತ್ತದೆ. ಆತನ ಕಣ್ಣಿಗೆ ಬಿದ್ದ ಬೆಳಕಿನ ಸಣ್ಣ ಇಳಿಕೆ ಗ್ರಹದಿಂದಲೇ ಆದದ್ದೆಂದು ಖಚಿತಪಡಿಸಲು ಅನುಭವಿ ವಿಜ್ಞಾನಿಗಳು ತಿಂಗಳುಗಟ್ಟಲೆ ದುಡಿದರು. ಆತನೂ ಸಹಲೇಖಕನಾಗಿದ್ದ ಪ್ರಬಂಧ ಹೊರಬಂದದ್ದು 2020ರಲ್ಲಿ.

ಪ್ರಶ್ನೆ: ಕಾರ್ಯಕ್ರಮಗಳಿಗೆ ಅರ್ಜಿ ಹಾಕಿದರೂ ಆಯ್ಕೆಯಾಗಲಿಲ್ಲ. ವಿಜ್ಞಾನಿಗಳಿಗೆ ನೇರವಾಗಿ ಪತ್ರ ಬರೆದು ಅವಕಾಶ ಕೇಳುವುದು ಸರಿಯೇ? ಹೇಗೆ ಬರೆಯಬೇಕು?
– ಹನ್ನೊಂದನೇ ತರಗತಿಯ ವಿದ್ಯಾರ್ಥಿ

ಉತ್ತರ: ಖಂಡಿತವಾಗಿಯೂ ಸರಿ. ಬಹಳ ಮಂದಿ ಉತ್ತರಿಸುವುದಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೂರು ಜನರಿಗೆ ಒಂದೇ ಪತ್ರವನ್ನು ಕಳುಹಿಸುವುದಕ್ಕಿಂತ, ಐದಾರು ಮಂದಿಯ ಒಂದೊಂದು ಪ್ರಬಂಧವನ್ನಾದರೂ ಓದಿ ಪ್ರತ್ಯೇಕವಾಗಿ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಪ್ರಬಂಧ ಪೂರ್ತಿ ಅರ್ಥವಾಗಬೇಕೆಂದಿಲ್ಲ. ಸಾರಾಂಶ, ಚಿತ್ರಗಳು ಮತ್ತು ಕೊನೆಯ ಚರ್ಚೆಯ ಭಾಗವನ್ನು ನಿಘಂಟಿನ ಸಹಾಯದಿಂದ ಓದಿದರೂ ಒಂದು ಪ್ರಾಮಾಣಿಕ ಪ್ರಶ್ನೆ ಮೂಡುತ್ತದೆ. ಮಾದರಿಯಾಗಿ ಇಂತಹ ಪತ್ರವನ್ನು ನೋಡಿ:

‘ಮಾನ್ಯರೇ, ನಾನು ಹನ್ನೊಂದನೇ ತರಗತಿಯ ವಿದ್ಯಾರ್ಥಿ. ಬಾವಲಿಗಳ ಧ್ವನಿಯ ಕುರಿತ ತಮ್ಮ ಪ್ರಬಂಧವನ್ನು ಓದಿದೆ. ಮಳೆ ಬಂದ ರಾತ್ರಿಗಳ ಧ್ವನಿಮುದ್ರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಅದರಲ್ಲಿ ಹೇಳಿದ್ದೀರಿ. ಮಳೆಯ ಸದ್ದನ್ನು ಬೇರ್ಪಡಿಸಿ ಆ ಮುದ್ರಣಗಳನ್ನು ಬಳಸಿಕೊಳ್ಳಲು ಸಾಧ್ಯವೇ ಎಂದು ತಿಳಿಯುವ ಆಸಕ್ತಿ ನನಗಿದೆ. ಪೈಥಾನ್‌ನಲ್ಲಿ ಸರಳ ಪ್ರೋಗ್ರಾಮ್‌ಗಳನ್ನು ಬರೆಯಬಲ್ಲೆ. ರಜೆಯ ಆರು ವಾರಗಳಲ್ಲಿ ವಾರಕ್ಕೆ ಹದಿನೈದು ಗಂಟೆ ಕೆಲಸ ಮಾಡಬಲ್ಲೆ. ಮುದ್ರಣಗಳನ್ನು ಕೇಳಿ ಗುರುತು ಹಾಕುವಂತಹ ಕೆಲಸವಿದ್ದರೂ ಸಂತೋಷದಿಂದ ಮಾಡುತ್ತೇನೆ. ನನ್ನ ಪೋಷಕರಿಗೂ ವಿಜ್ಞಾನ ಶಿಕ್ಷಕರಿಗೂ ಈ ಪತ್ರದ ವಿಷಯ ತಿಳಿದಿದೆ.’

ಇದರಲ್ಲಿ ‘ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಪ್ರಾಣ’ ಎಂಬಂತಹ ಮಾತಿಲ್ಲ, ಅಂಕಗಳ ಪಟ್ಟಿಯೂ ಇಲ್ಲ. ಓದಿದ್ದಾನೆ, ಒಂದು ಪ್ರಶ್ನೆ ಇದೆ, ಏನು ಮಾಡಬಲ್ಲನೆಂದು ಗೊತ್ತಿದೆ, ಬೇಸರದ ಕೆಲಸಕ್ಕೂ ಸಿದ್ಧನಿದ್ದಾನೆ ಎಂಬುದು ಓದುವವರಿಗೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಎರಡು ವಾರ ಕಾದು ಒಮ್ಮೆ ವಿನಯದಿಂದ ನೆನಪಿಸಿ. ಅದಕ್ಕಿಂತ ಹೆಚ್ಚು ಬೇಡ. ಪ್ರಾಧ್ಯಾಪಕರ ಜೊತೆಗೆ ಅವರ ಬಳಿ ಪಿಎಚ್‌ಡಿ ಮಾಡುತ್ತಿರುವವರಿಗೂ ಬರೆಯಬಹುದು, ಏಕೆಂದರೆ ದಿನನಿತ್ಯದ ಮಾರ್ಗದರ್ಶನ ಬಹುತೇಕ ಅವರಿಂದಲೇ ಸಿಗುತ್ತದೆ. ರಾಸಾಯನಿಕ, ವಿಕಿರಣ, ಸೂಕ್ಷ್ಮಜೀವಿಗಳೊಡನೆ ಕೆಲಸ ಮಾಡುವ ಪ್ರಯೋಗಾಲಯಗಳು ಸುರಕ್ಷತೆಯ ಕಾರಣದಿಂದ ಹದಿನಾರು, ಹದಿನೇಳು ಅಥವಾ ಹದಿನೆಂಟು ವರ್ಷದ ಮಿತಿಯನ್ನು ಇಟ್ಟಿರುವುದುಂಟು. ದತ್ತಾಂಶ ವಿಶ್ಲೇಷಣೆಯ ಕೆಲಸಕ್ಕೆ ಈ ಅಡ್ಡಿ ಕಡಿಮೆ. ಒಪ್ಪಿಗೆ ದೊರೆತರೆ ಭೇಟಿಯ ಸಮಯ ಮತ್ತು ಸ್ಥಳಗಳನ್ನು ಲಿಖಿತವಾಗಿ ತಿಳಿದುಕೊಂಡು, ಮನೆಯವರ ಅರಿವಿನಲ್ಲಿಯೇ ಮುಂದುವರಿಯಿರಿ.

ಪ್ರಶ್ನೆ: ನಮ್ಮ ಸಮೀಪದಲ್ಲಿ ಯಾವ ಸಂಶೋಧನಾ ಸಂಸ್ಥೆಯೂ ಇಲ್ಲ. ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕ ಮಾತ್ರ ಇದೆ. ಇಷ್ಟರಲ್ಲಿ ಸಂಶೋಧನೆ ಸಾಧ್ಯವೇ?
– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ

ಉತ್ತರ: ಸಾಧ್ಯ, ಮತ್ತು ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ. ಇಂಗ್ಲೆಂಡಿನ ಬ್ಲಾಕಾಟನ್ ಪ್ರಾಥಮಿಕ ಶಾಲೆಯ ಎಂಟರಿಂದ ಹತ್ತು ವರ್ಷದ ಮಕ್ಕಳು, ದುಂಬಿಗಳು ಬಣ್ಣ ಮತ್ತು ಸ್ಥಾನಗಳ ವಿನ್ಯಾಸವನ್ನು ಕಲಿತು ಸಿಹಿನೀರಿರುವ ಕೃತಕ ಹೂವನ್ನು ಆರಿಸಬಲ್ಲವೇ ಎಂದು ಪರೀಕ್ಷಿಸಿ ಬರೆದ ಪ್ರಬಂಧ 2010ರಲ್ಲಿ ರಾಯಲ್ ಸೊಸೈಟಿಯ ‘ಬಯಾಲಜಿ ಲೆಟರ್ಸ್’ನಲ್ಲಿ ಪ್ರಕಟವಾಯಿತು. ಅದರ ಚಿತ್ರಗಳನ್ನು ಮಕ್ಕಳು ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದರು. ಜೊತೆಯಲ್ಲಿ ಒಬ್ಬ ವಿಜ್ಞಾನಿಯ ಮಾರ್ಗದರ್ಶನವಿತ್ತು, ನಿಜ. ಆದರೆ ಪ್ರಶ್ನೆ ಮಕ್ಕಳದ್ದೇ ಆಗಿತ್ತು.

ನಿಮ್ಮ ಸೂಕ್ಷ್ಮದರ್ಶಕಕ್ಕೆ ಹೊಂದುವ ಒಂದು ಕೆಲಸವನ್ನು ಸೂಚಿಸುತ್ತೇನೆ. ಒಂದೇ ಮರದಲ್ಲಿ ಬಿಸಿಲಿಗೆ ಒಡ್ಡಿಕೊಂಡ ಎಲೆಗಳಿಗೂ ನೆರಳಿನ ಎಲೆಗಳಿಗೂ ಪತ್ರರಂಧ್ರಗಳ (ಎಲೆ ಉಸಿರಾಡುವ ಸೂಕ್ಷ್ಮ ರಂಧ್ರಗಳ) ಸಾಂದ್ರತೆಯಲ್ಲಿ ವ್ಯತ್ಯಾಸವಿದೆಯೇ? ಎಲೆಯ ಕೆಳಮೈಗೆ ಬಣ್ಣವಿಲ್ಲದ ನೈಲ್ ಪಾಲಿಶನ್ನು ತೆಳ್ಳಗೆ ಬಳಿದು, ಚೆನ್ನಾಗಿ ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಮೆಲ್ಲನೆ ಎಬ್ಬಿಸಿದರೆ ಎಲೆಯ ಮೇಲ್ಮೈಯ ಅಚ್ಚು ಟೇಪಿನೊಡನೆ ಬರುತ್ತದೆ. ಅದನ್ನು ಗಾಜಿನ ಸ್ಲೈಡಿನ ಮೇಲೆ ಅಂಟಿಸಿ 400 ಪಟ್ಟು ವರ್ಧನೆಯಲ್ಲಿ ನೋಡಿದರೆ, ಎರಡು ಕಾವಲು ಕೋಶಗಳ ನಡುವಿನ ರಂಧ್ರಗಳನ್ನು ಎಣಿಸಬಹುದು. ಇಷ್ಟು ಪಾಠದ ಪ್ರಯೋಗ. ಇದನ್ನು ಸಂಶೋಧನೆಯ ಮಟ್ಟಕ್ಕೆ ಏರಿಸುವುದು ನಿಮ್ಮ ಶಿಸ್ತು. ಯಾವ ಸ್ಲೈಡ್ ಬಿಸಿಲಿನದು, ಯಾವುದು ನೆರಳಿನದು ಎಂದು ಎಣಿಸುವಾಗ ನಿಮಗೆ ತಿಳಿದಿರಬಾರದು. ಗೆಳತಿಯೊಬ್ಬಳು ಸಂಕೇತ ಸಂಖ್ಯೆ ಬರೆದು ಪಟ್ಟಿಯನ್ನು ತನ್ನ ಬಳಿ ಇಟ್ಟುಕೊಳ್ಳಲಿ. ಅಂಚಿನಲ್ಲಿ ಅರ್ಧ ಕಾಣುವ ರಂಧ್ರವನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಮೊದಲೇ ನಿರ್ಧರಿಸಿ ಬರೆದಿಡಿ. ಪ್ರತಿ ಎಲೆಯಲ್ಲಿ ಹಲವು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಬಿಸಿಲಿನ ಎಲೆಗಳಲ್ಲಿ ರಂಧ್ರಗಳು ಸಾಮಾನ್ಯವಾಗಿ ಹೆಚ್ಚು ಒತ್ತಾಗಿರುತ್ತವೆ. ನಿಮ್ಮ ಮರದಲ್ಲಿ ಹಾಗಿಲ್ಲದಿದ್ದರೆ ಅಂಕಿಗಳನ್ನು ತಿದ್ದದೆ ಹಾಗೆಯೇ ದಾಖಲಿಸಿ, ಕಾರಣವನ್ನು ಹುಡುಕಿ. ಅಲ್ಲಿಂದ ನಿಮ್ಮದೇ ಪ್ರಶ್ನೆ ಆರಂಭವಾಗುತ್ತದೆ.

ಇಂಟರ್ನೆಟ್ ಸೌಲಭ್ಯವಿದ್ದರೆ ಝೂನಿವರ್ಸ್ ತಾಣದ ‘ಪ್ಲಾನೆಟ್ ಹಂಟರ್ಸ್ ಟೆಸ್’ನಂತಹ ಯೋಜನೆಗಳಲ್ಲಿ ಯಾರು ಬೇಕಾದರೂ ನೈಜ ದತ್ತಾಂಶವನ್ನು ಪರಿಶೀಲಿಸಬಹುದು. ಎರಡನೆಯ ಉತ್ತರದಲ್ಲಿ ಹೇಳಿದ ಗ್ರಹದ ಕಥೆಯ ಸ್ವಯಂಸೇವಕರು ಈ ಯೋಜನೆಯವರೇ. ಒಂದು ಎಚ್ಚರಿಕೆ: ಮನುಷ್ಯರನ್ನು ಪ್ರಶ್ನಿಸುವ ಸಮೀಕ್ಷೆ, ಬೆನ್ನುಮೂಳೆಯುಳ್ಳ ಪ್ರಾಣಿಗಳು ಅಥವಾ ಅಪಾಯಕಾರಿ ಸೂಕ್ಷ್ಮಜೀವಿಗಳನ್ನು ಒಳಗೊಂಡ ಪ್ರಯೋಗಗಳಿಗೆ ‘ಐಸೆಫ್’ ಅಂತರರಾಷ್ಟ್ರೀಯ ವಿಜ್ಞಾನ ಮೇಳದ ನಿಯಮಗಳ ಪ್ರಕಾರ ಕೆಲಸ ಆರಂಭಿಸುವ ಮೊದಲೇ ಪರಿಶೀಲನಾ ಸಮಿತಿಯ ಅನುಮತಿ ಬೇಕು. ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಪ್ರಶ್ನೆ: ಬೇಸಿಗೆ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವ ವಿದ್ಯಾರ್ಥಿಗಳು ಶಿಫಾರಸು ಪತ್ರ ಕೇಳುತ್ತಾರೆ. ಅದರಲ್ಲಿ ಏನಿರಬೇಕು?
– ವಿಜ್ಞಾನ ಶಿಕ್ಷಕರು

ಉತ್ತರ: ತಾವು ಕಣ್ಣಾರೆ ಕಂಡ ಒಂದು ಘಟನೆ ಇದ್ದರೆ ಸಾಕು. ‘ಪ್ರತಿಭಾವಂತೆ, ಶ್ರಮಜೀವಿ, ವಿನಯವಂತೆ’ ಎಂಬ ವಿಶೇಷಣಗಳು ಎಲ್ಲರ ಪತ್ರದಲ್ಲಿಯೂ ಇರುತ್ತವೆ. ಲೋಲಕದ ಅವಧಿ ಲೆಕ್ಕಕ್ಕೆ ಹೊಂದದಿದ್ದಾಗ ಎಲ್ಲರೂ ಪುಸ್ತಕದ ಉತ್ತರವನ್ನು ಬರೆದುಕೊಂಡರು, ಈಕೆ ಮಾತ್ರ ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಬೇಕಿತ್ತೆಂದು ಕಂಡುಕೊಂಡು ಪ್ರಯೋಗವನ್ನು ಮತ್ತೆ ಮಾಡಿದಳು ಎಂದು ತಾವು ಬರೆದರೆ, ಆಯ್ಕೆ ಸಮಿತಿಗೆ ಬೇಕಾದದ್ದು ಅಲ್ಲಿದೆ. ವಿದ್ಯಾರ್ಥಿಗೆ ಇನ್ನೂ ಬಾರದ ವಿಷಯವಿದ್ದರೆ ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಉತ್ತರ ಗೋಳಾರ್ಧದ ಹಲವು ಕಾರ್ಯಕ್ರಮಗಳ ಅರ್ಜಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಯುವುದರಿಂದ, ಕೊನೆಯ ದಿನಾಂಕಕ್ಕೆ ಒಂದು ತಿಂಗಳ ಮೊದಲೇ ಪತ್ರ ಕೇಳಬೇಕೆಂದು ತರಗತಿಯಲ್ಲಿ ಮುಂಚಿತವಾಗಿ ತಿಳಿಸಿಬಿಡಿ.