ವಿಧೇಯಕದಲ್ಲಿ ನಿಮ್ಮ ಆಸ್ಪತ್ರೆಯ ಹೆಸರು ಇರುವುದಿಲ್ಲ

ಬಜೆಟ್ ಭಾಷಣದಲ್ಲಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹಣ ಘೋಷಿಸಿದರು, ಆದರೆ ಧನವಿನಿಯೋಗ ವಿಧೇಯಕದಲ್ಲಿ ಅದರ ಹೆಸರೇ ಇಲ್ಲ, ಹಾಗಾದರೆ ಹಣ ಬರುತ್ತಾ ಅಂತ ಕೇಳಿದ್ದೀರಿ. ಹೆಸರಿಲ್ಲ ಅಂತ ಗಾಬರಿಯಾಗಬೇಡಿ. ಆ ವಿಧೇಯಕದಲ್ಲಿ ಇರುವುದು ಬೇಡಿಕೆವಾರು, ಅಂದರೆ ಅನುದಾನಕ್ಕಾಗಿ ಸದನದ ಮುಂದಿಟ್ಟ ಒಂದೊಂದು ಕೋರಿಕೆಯ, ಒಟ್ಟು ಮೊತ್ತ ಮಾತ್ರ. ಕರ್ನಾಟಕದಲ್ಲಿ ಆರೋಗ್ಯ ಇಲಾಖೆಯದು ಬೇಡಿಕೆ ಸಂಖ್ಯೆ 22. ಸಂವಿಧಾನದ 204ನೇ ವಿಧಿಯ ಪ್ರಕಾರ ಈ ವಿಧೇಯಕ ಪಾಸಾಗದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ. ಭಾಷಣಕ್ಕೆ ಆ ಬಲ ಇಲ್ಲ.

ನೀವು ನೋಡಬೇಕಾದದ್ದು ಹಣಕಾಸು ಇಲಾಖೆ ಪ್ರಕಟಿಸುವ ವಿವರವಾದ ಅಂದಾಜು ಸಂಪುಟಗಳನ್ನು. ಅಲ್ಲಿ ಲೆಕ್ಕ ಶೀರ್ಷಿಕೆವಾರು, ಅಂದರೆ ಖರ್ಚಿನ ಒಂದೊಂದು ಬಗೆಗೆ ಕೊಟ್ಟ ಸಂಖ್ಯೆಯ ಪ್ರಕಾರ, ಹಂಚಿಕೆ ಇರುತ್ತದೆ. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ಬಂಡವಾಳ ವೆಚ್ಚ, ಅಂದರೆ ಕಟ್ಟಡದಂಥವು, ಲೆಕ್ಕ ಶೀರ್ಷಿಕೆ 4210ರಲ್ಲಿ ಸಿಗುತ್ತವೆ. ಅಲ್ಲೂ ಒಂದೊಂದು ಆಸ್ಪತ್ರೆಯ ಹೆಸರು ಸಿಗುವುದು ಅಪರೂಪ. ಎಷ್ಟೋ ಕಾಮಗಾರಿಗಳು ಒಂದೇ ಶೀರ್ಷಿಕೆಯೊಳಗೆ ಸೇರಿಹೋಗಿರುತ್ತವೆ. ಸಾಮಾನ್ಯ ಜನರಿಗೆ ಇದು ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ ನನಗೆ.

ಇನ್ನೊಂದು ಮಾತು. ಅನುದಾನ ಮಂಜೂರಾದರೂ ಹಣ ಬಿಡುಗಡೆ ಆಗಬೇಕು, ಮಾರ್ಚ್ 31ರೊಳಗೆ ಖರ್ಚಾಗಬೇಕು. ಇಲ್ಲದಿದ್ದರೆ ಆ ವರ್ಷದ ಅನುಮತಿ ಅಲ್ಲಿಗೇ ಮುಗಿಯುತ್ತದೆ. ಸುಮ್ನೆ ಭಾಷಣದ ಪ್ರತಿ ಹಿಡಿದು ಕಚೇರಿ ಸುತ್ತಬೇಡಿ. ಮಾಹಿತಿ ಹಕ್ಕಿನಲ್ಲಿ ಕಾಮಗಾರಿಯ ಆಡಳಿತಾತ್ಮಕ ಅನುಮೋದನೆ ಆದೇಶ ಮತ್ತು ಹಣ ಬಿಡುಗಡೆ ಆದೇಶ, ಇವೆರಡರ ಪ್ರತಿ ಕೇಳಿ.